ಅಪ್ಪನಿಗೆ ಆಗ ಎಷ್ಟು ವಯಸ್ಸು?

ಸಕಲೇಶಪುರದ ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ಅಪ್ಪ 48ನೇ ವಯಸ್ಸಿನಲ್ಲಿ, ಕೊಯ್ಲಿನ ಸಮಯದಲ್ಲಿ, ಹೃದಯಾಘಾತವಾಗಿ ಕಾಫಿ ಕಣದಲ್ಲೇ ಕುಸಿದು ಹೋದರು. ಚಿಕ್ಕಪ್ಪನಿಗೆ 51ಕ್ಕೆ ಸ್ಟೆಂಟ್ ಹಾಕಿಸಿದೆವು. ಅಮ್ಮನಿಗೆ ಸಕ್ಕರೆ ಕಾಯಿಲೆ. ನನಗೀಗ 39. ಬೀಡಿ ಸಿಗರೇಟು ಇಲ್ಲ, ದಿನಾ ತೋಟ ಸುತ್ತುತ್ತೇನೆ. 2025ರಲ್ಲಿ ಎಲ್ಲರೂ ಹೆದರಿದಾಗ ನಾನೂ ಮೈಸೂರಿಗೆ ಹೋಗಿ ಇಸಿಜಿ ಮಾಡಿಸಿದೆ, ನಾರ್ಮಲ್ ಬಂತು. ತಂಗಿ ಮಾತ್ರ ಇನ್ನೂ ಟೆಸ್ಟ್ ಮಾಡಿಸೋಣ ಅಂತಾಳೆ. ಹಣೆಬರಹಕ್ಕೆ ಹೊಣೆ ಯಾರು? ಸುಮ್ನೆ ಹೆದರಿಕೊಂಡು ಬದುಕೋದು ಯಾಕೆ?"

ನಿಮ್ಮ ತಂಗಿ ಹೇಳುತ್ತಿರುವುದೇ ಸರಿ. ದಯವಿಟ್ಟು ಅವರ ಮಾತು ಕೇಳಿ.

2025ರ ಜೂನ್, ಜುಲೈ ನಮಗೂ ನೆನಪಿದೆ. ಹಾಸನದಲ್ಲಿ ದಿನಾ ಹೃದಯಾಘಾತದ ಸುದ್ದಿ. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮೊದಲೇ ಸಾಲು. ಸರ್ಕಾರ ತಜ್ಞರ ಸಮಿತಿಯನ್ನೂ ಮಾಡಿತು. ಆ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿದ ಎಷ್ಟೋ ಜನ ನಿಮ್ಮ ಹಾಗೇ ನಿರಾಳವಾಗಿ ಮನೆಗೆ ಬಂದರು. ಆದರೆ ಇಸಿಜಿ ಹೇಳುವುದು ಆ ಹೊತ್ತಿನಲ್ಲಿ ಹೃದಯ ಹೇಗೆ ಬಡಿಯುತ್ತಿದೆ ಅನ್ನುವುದನ್ನು. ಒಳಗೆ ರಕ್ತನಾಳದಲ್ಲಿ ಕೊಬ್ಬು ಕಟ್ಟುತ್ತಿದ್ದರೂ ಇಸಿಜಿ ನಾರ್ಮಲ್ ಬರಬಹುದು. ಮುಂದಿನ ಹತ್ತು ವರ್ಷದ ಮಾತನ್ನು ಅದು ಹೇಳುವುದಿಲ್ಲ. ನಿಮ್ಮ ವಿಷಯದಲ್ಲಿ ಅದಕ್ಕಿಂತ ಜಾಸ್ತಿ ಹೇಳುವುದು ನೀವೇ ಬರೆದಿರುವ ಒಂದು ಸಂಖ್ಯೆ: 48.

ತಂದೆಗೋ ಅಣ್ಣತಮ್ಮಂದಿರಿಗೋ 55ರ ಒಳಗೆ, ತಾಯಿಗೋ ಅಕ್ಕತಂಗಿಯರಿಗೋ 65ರ ಒಳಗೆ ಹೃದಯದ ಕಾಯಿಲೆ ಬಂದಿದ್ದರೆ ವೈದ್ಯರು ಅದನ್ನು ಎಚ್ಚರಿಕೆ ಎಂದೇ ತೆಗೆದುಕೊಳ್ಳುತ್ತಾರೆ. 80 ದಾಟಿದ ಅಜ್ಜನಿಗೆ ಬಂದದ್ದಕ್ಕೆ ಅಷ್ಟು ತೂಕವಿಲ್ಲ. ನಿಮ್ಮ ಮನೆಯಲ್ಲಿ ಅಪ್ಪ, ಚಿಕ್ಕಪ್ಪ ಇಬ್ಬರಿಗೂ ಸಣ್ಣ ವಯಸ್ಸಿಗೇ ಬಂದಿದೆ. ಒಂದೇ ರಕ್ತ, ಒಂದೇ ಅಡುಗೆಮನೆ. ಯಾವುದರ ಪಾಲು ಎಷ್ಟು ಅಂತ ಬಿಡಿಸಿ ಹೇಳುವುದು ಕಷ್ಟ, ಆದರೆ ಎರಡೂ ನಿಮಗೆ ಬಂದಿವೆ, ಅಲ್ವಾ?

ತೋಟ ಸುತ್ತುವುದನ್ನು ಖಂಡಿತ ಬಿಡಬೇಡಿ. ಆದರೆ ಕೆಲವು ಮನೆತನಗಳಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, ಹುಟ್ಟಿನಿಂದಲೇ ಜಾಸ್ತಿ ಇರುತ್ತದೆ. ಸುಮಾರು 250 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಆಳು ತೆಳ್ಳಗಿರಬಹುದು, ಗುಡ್ಡ ಹತ್ತಿ ಇಳಿಯಬಹುದು, ಹೊರಗೆ ಏನೂ ಕಾಣದೇ ಇರಬಹುದು. ಇದು ನಡೆದು ಕರಗುವ ಕೊಬ್ಬಲ್ಲ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಲ್ 190 (ಮಿ.ಗ್ರಾಂ/ಡೆ.ಲೀ.) ಅಥವಾ ಅದಕ್ಕಿಂತ ಹೆಚ್ಚು ಬಂದರೆ ವೈದ್ಯರಿಗೆ ಈ ಅನುಮಾನ ಬರುತ್ತದೆ. ಇದಕ್ಕೆ ಒಳ್ಳೆಯ ಮಾತ್ರೆಗಳಿವೆ. ಬೇಗ ಶುರು ಮಾಡಿದಷ್ಟೂ ಲಾಭ. ನಿಮ್ಮ ಅಪ್ಪನಿಗೆ ಸಿಗದೇ ಹೋದದ್ದು ಇದೇ ಅವಕಾಶ ಇರಬಹುದು ಅನ್ನಿಸಿ, ನಿಮ್ಮ ಪತ್ರ ಓದಿದಾಗ ತುಂಬಾ ಸಂಕಟವಾಯಿತು.

ಹಾಗಾಗಿ ಕೊಲೆಸ್ಟ್ರಾಲ್, ಬಿ.ಪಿ. ನೋಡಿಸಿ. ಅಮ್ಮನ ಕಡೆಯಿಂದ ಸಕ್ಕರೆಯ ದಾರಿಯೂ ಇರುವುದರಿಂದ ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತಪರೀಕ್ಷೆ, ಮಾಡಿಸಿ. ಅದು ಶೇ. 5.7ರಿಂದ 6.4 ಬಂದರೆ ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದೀರಿ ಎಂದರ್ಥ, ಇನ್ನೂ ಹಿಂದಿರುಗಬಹುದು. ರಕ್ತದಲ್ಲಿ ಕೊಲೆಸ್ಟ್ರಾಲ್ ಹೊರುವ ಲೈಪೋಪ್ರೋಟೀನ್-ಎ ಎಂಬ ಕಣದ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಅದು ಬಹುಪಾಲು ವಂಶದಿಂದಲೇ ಬರುವುದು, ಸಾಮಾನ್ಯವಾಗಿ ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ವೈದ್ಯರ ಮುಂದೆ ಕೂತಾಗ ಮೊದಲು ಹೇಳಬೇಕಾದದ್ದು ಅಪ್ಪನ ವಯಸ್ಸು, ಚಿಕ್ಕಪ್ಪನ ವಯಸ್ಸು. ಅವರು ಕೇಳಲಿ ಅಂತ ಕಾಯಬೇಡಿ.

ಇಲ್ಲಿ ನಮ್ಮ ಮನೆಯ ಒಂದು ವಿಷಯ ಹೇಳಬೇಕು. ನಮ್ಮ ಸೋದರತ್ತೆ ಹೊಟ್ಟೆನೋವಿನಿಂದ ಹೋದರು ಅಂತಲೇ ನಾವೆಲ್ಲ ಕೇಳಿ ಬೆಳೆದದ್ದು. ಅವರ ಮಗಳಿಗೆ ಆಗ ಆರು ವರ್ಷ. ಅವಳಿಗೆ 41ಕ್ಕೆ ಸ್ತನದಲ್ಲಿ ಗಂಟು ಸಿಕ್ಕಿತು. "ಮನೆಯಲ್ಲಿ ಯಾರಿಗಾದರೂ ಇತ್ತಾ?" ಎಂದು ಡಾಕ್ಟರ್ ಕೇಳಿದರೆ, ಇಲ್ಲ ಅಂದಳು. ಅವಳಮ್ಮನಿಗೂ ಅದೇ ಸ್ತನ ಕ್ಯಾನ್ಸರ್ ಇತ್ತು ಅಂತ ದೊಡ್ಡಮ್ಮ ಬಾಯಿ ಬಿಟ್ಟದ್ದು ಆಪರೇಷನ್ ಆದ ಮೇಲೆ. ಮನೆಯಲ್ಲಿ ಮದುವೆಗೆ ಹೆಣ್ಣುಮಕ್ಕಳಿದ್ದರು, ಹೇಳಿದರೆ ಸಂಬಂಧ ಕೂಡಿಬರಲ್ಲ ಅನ್ನುವ ಭಯ. ಯಾರನ್ನೂ ದೂರುವುದಿಲ್ಲ. ಆದರೆ ಅವಳು ಐದಾರು ವರ್ಷ ಮೊದಲೇ ತಪಾಸಣೆ ಶುರು ಮಾಡಬಹುದಿತ್ತು. ಈ ಕಾಯಿಲೆಗೆ ದಾರಿ ಮಾಡುವ ಜೀನ್ ತಂದೆಯ ಕಡೆಯಿಂದಲೂ ಬರಬಹುದು. ಅಜ್ಜಿ, ಅತ್ತೆಯರದ್ದನ್ನೂ ಕೇಳಬೇಕು.

ಪಿತೃಪಕ್ಷಕ್ಕೆ ನಿಮ್ಮ ಮನೆಯಲ್ಲಿ ಎಲ್ಲರೂ ಸೇರುತ್ತೀರಲ್ಲ, ಎಡೆ ಇಟ್ಟು ಊಟವಾದ ಮೇಲೆ ಹಿರಿಯರ ಹತ್ತಿರ ಕೂತು ಕೇಳಿ. ಯಾರಿಗೆ ಲಕ್ವ ಹೊಡೆಯಿತು, ಯಾರಿಗೆ ಕಿಡ್ನಿ ಹೋಯಿತು, ಶುರುವಾದಾಗ ವಯಸ್ಸೆಷ್ಟು. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಗ್ಯಾಸ್ಟ್ರಿಕ್ ಆಗಿ ಹೋದರು" ಅಂದರೆ ಇನ್ನೊಂದು ಪ್ರಶ್ನೆ ಕೇಳಿ, ಅದು ಹೃದಯಾಘಾತವೇ ಇದ್ದಿರಬಹುದು. ಬೆವರಿದ್ದರಾ, ಎಡಗೈ ನೋವು ಅಂದಿದ್ದರಾ?

ತಂಗಿಯೂ ಅದೇ ಅಪ್ಪನ ಮಗಳು. ಹೃದಯಾಘಾತವಾದಾಗ ಹೆಂಗಸರಿಗೆ ಎದೆನೋವಿನ ಜೊತೆಗೆ ಅಥವಾ ಎದೆನೋವೇ ಇಲ್ಲದೆ, ಬೆನ್ನು, ದವಡೆ ನೋವು, ವಾಕರಿಕೆ, ಏದುಸಿರು ಬರಬಹುದು. ಸುಸ್ತು ಅಂತ ಮನೆಯವರು ತಳ್ಳಿಹಾಕುತ್ತಾರೆ. ಇಬ್ಬರೂ ಒಂದೇ ದಿನ ಹೋಗಿ ಬನ್ನಿ. ರಿಪೋರ್ಟ್ ಬಂದ ಮೇಲೆ ನಮಗೊಂದು ಸಾಲು ಬರೆಯಿರಿ, ಕಾಯುತ್ತಿರುತ್ತೇವೆ.

– ಸಂ.