ಮುಖವಾಡದ ಹಿಂದೆ ಯಾರಿದ್ದಾರೆ ಎಂದು ಕೇಳಬೇಡಿ

ಇತ್ತೀಚೆಗೆ ಬಂದ ಪತ್ರಗಳಲ್ಲಿ ಅರ್ಧಕ್ಕೂ ಹೆಚ್ಚು ಸ್ಲಾಷರ್ ಚಿತ್ರಗಳ ರೀಮೇಕ್ ಕುರಿತಾಗಿವೆ, ಮತ್ತು ಅವೆಲ್ಲವೂ ಬೇರೆ ಬೇರೆ ವೇಷದಲ್ಲಿ ಬಂದ ಒಂದೇ ಪ್ರಶ್ನೆ. ಬಿಡಿಬಿಡಿಯಾಗಿ ಉತ್ತರಿಸಿ ಬೇಸತ್ತಿರುವುದರಿಂದ ಈ ಬಾರಿ ಅದನ್ನು ವಿಸ್ತಾರವಾಗಿಯೇ ಎತ್ತಿಕೊಳ್ಳುತ್ತೇನೆ. ಸ್ಲಾಷರ್ ಎಂದರೆ ಕೊಲೆಗಾರನೊಬ್ಬ ಒಬ್ಬೊಬ್ಬರನ್ನೇ ಕೊಲ್ಲುತ್ತ ಹೋಗುವ ಭಯಾನಕ ಚಿತ್ರ, ಅದಕ್ಕಿಂತ ಹೆಚ್ಚು ವಿವರಿಸುವ ವ್ಯವಧಾನ ನನಗಿಲ್ಲ. ಅದು ಗೊತ್ತಿಲ್ಲದವರು ಈ ಪುಟಕ್ಕೆ ಬರುವುದೂ ಇಲ್ಲ.

ಪ್ರಶ್ನೆ: ಹಣ, ತಂತ್ರಜ್ಞಾನ, ಅಭಿನಯ ಎಲ್ಲದರಲ್ಲೂ ರೀಮೇಕ್‌ಗಳೇ ಮುಂದಿದ್ದರೂ ಅವು ಮೂಲಚಿತ್ರದಂತೆ ಹೆದರಿಸುವುದಿಲ್ಲ ಏಕೆ? ಹೆದರಿಸದಿದ್ದರೂ ನಾವು ಟಿಕೆಟ್ ಕೊಳ್ಳುವುದೇಕೆ?

ಉತ್ತರ: ಎರಡನೆಯ ಭಾಗವನ್ನು ಮೊದಲು ನೋಡೋಣ. ಸ್ಲಾಷರ್ ಹುಟ್ಟಿದ್ದೇ ಪುನರಾವರ್ತನೆಯಿಂದ. ಯಾರು ಸಾಯುತ್ತಾರೆ, ಕೊನೆಗೆ ಯಾವ ಹುಡುಗಿ ಉಳಿಯುತ್ತಾಳೆ ಎಂಬುದು ಮೊದಲ ಹತ್ತು ನಿಮಿಷಗಳಲ್ಲೇ ತಿಳಿದುಬಿಡುತ್ತದೆ. ನಾವು ಕಾಯುವುದು ಹೇಗೆ ಎಂಬುದಕ್ಕಾಗಿ. ಆದ್ದರಿಂದ ರೀಮೇಕ್ ಎಂಬುದೇ ಅಪಚಾರವೆಂದು ಬರೆಯುವವರೊಂದಿಗೆ ನನಗೆ ಸಹಮತವಿಲ್ಲ. ನಿರ್ಮಾಪಕರಿಗಾದರೋ ಲೆಕ್ಕ ಇನ್ನೂ ಸರಳ: ಪರಿಚಿತ ಹೆಸರು ಮತ್ತು ಪರಿಚಿತ ಮುಖವಾಡ ಜಾಹೀರಾತಿನ ಅರ್ಧ ಕೆಲಸವನ್ನು ತಾವೇ ಮಾಡುತ್ತವೆ. 2009ರ ‘ಫ್ರೈಡೇ ದ ಥರ್ಟೀನ್ತ್’ ಅಮೆರಿಕದಲ್ಲಿ ಮೊದಲ ವಾರಾಂತ್ಯಕ್ಕೆ ಸುಮಾರು 4 ಕೋಟಿ ಡಾಲರ್ ಗಳಿಸಿತು, ಮುಂದಿನ ವಾರಾಂತ್ಯದಲ್ಲಿ ಅದರ ಐದನೆಯ ಒಂದು ಪಾಲೂ ಬರಲಿಲ್ಲ. ಜನ ಹೆಸರನ್ನು ನೋಡಲು ಬಂದರು, ನೋಡಿದರು, ಹೊರಟರು.

ಇನ್ನು ಭಯದ ಮಾತು. ಮೂಲಚಿತ್ರಗಳ ಬಡತನವೇ ಅವುಗಳ ಶಕ್ತಿಯೆಂದು ಹಲವರು ಬರೆಯುತ್ತಾರೆ. ಇದು ಅರ್ಧಸತ್ಯ, ಏಕೆಂದರೆ ಎಂಬತ್ತರ ದಶಕದಲ್ಲಿ ಅಷ್ಟೇ ಬಡತನದಲ್ಲಿ ತಯಾರಾದ ಹತ್ತಾರು ಸ್ಲಾಷರ್‌ಗಳು ಇಂದು ಯಾರ ನೆನಪಿನಲ್ಲೂ ಇಲ್ಲ. ರೀಮೇಕ್‌ಗಳನ್ನು ಕೆಡಿಸುತ್ತಿರುವುದು ಹಣವಲ್ಲ, ವಿವರಣೆಯ ಚಪಲ. ಜಾನ್ ಕಾರ್ಪೆಂಟರ್ ಅವರ 1978ರ ‘ಹ್ಯಾಲೋವೀನ್’ ಚಿತ್ರದಲ್ಲಿ ಆರು ವರ್ಷದ ಬಾಲಕನೊಬ್ಬ ಅಕ್ಕನನ್ನು ಇರಿದು ಕೊಂದು ಮನೆಯ ಮುಂದೆ ಬಂದು ನಿಲ್ಲುತ್ತಾನೆ, ತಂದೆತಾಯಿ ಅವನನ್ನು ದಿಗ್ಭ್ರಮೆಯಿಂದ ನೋಡುತ್ತಾರೆ, ಅಷ್ಟೇ. ಅವನ ಮನಸ್ಸನ್ನು ತಲುಪಲು ಎಂಟು ವರ್ಷ ಯತ್ನಿಸಿದ ವೈದ್ಯ, ಮುಂದಿನ ಏಳು ವರ್ಷಗಳನ್ನು ಅವನು ಹೊರಬಾರದಂತೆ ನೋಡಿಕೊಳ್ಳುವುದಕ್ಕೇ ವ್ಯಯಿಸುತ್ತಾನೆ. ಬೆಳೆದು ಮುಖವಾಡ ಧರಿಸಿ ಮರಳುವ ಅವನಿಗೆ ಪಾತ್ರವರ್ಗದ ಪಟ್ಟಿಯಲ್ಲಿ ಇರುವ ಹೆಸರು ‘ಶೇಪ್’, ಅಂದರೆ ಬರಿಯ ಆಕೃತಿ. ಆ ಮುಖವಾಡವಾದರೂ ಅಂಗಡಿಯಲ್ಲಿ ಅಗ್ಗಕ್ಕೆ ಕೊಂಡ, ‘ಸ್ಟಾರ್ ಟ್ರೆಕ್’ ನಟ ವಿಲಿಯಂ ಶಾಟ್ನರ್ ಅವರ ಮುಖದ ಮುಖವಾಡ. ಬಿಳಿ ಬಣ್ಣ ಬಳಿದು ಅದರಲ್ಲಿದ್ದ ಭಾವವನ್ನೆಲ್ಲ ಅಳಿಸಿಹಾಕಿದರು. ಅಳಿಸಿದ ಆ ಜಾಗದಲ್ಲಿ ನಾವು ನಮ್ಮ ನಮ್ಮ ಭಯವನ್ನು ತುಂಬಿಕೊಂಡೆವು.

2007ರಲ್ಲಿ ರಾಬ್ ಝೋಂಬಿ ಅದೇ ಕಥೆಯನ್ನು ಕೈಗೆತ್ತಿಕೊಂಡು ಅಳಿಸಿದ್ದನ್ನೆಲ್ಲ ಮತ್ತೆ ಬರೆದರು. ನಿಂದೆಯ ಮಾತುಗಳಿಂದಲೇ ಬೆಳಗಾಗುವ ಮನೆ, ಶಾಲೆಯಲ್ಲಿ ಹೀಯಾಳಿಕೆ, ಸಾಯುವ ಪ್ರಾಣಿಗಳು, ಕಡೆಗೆ ಆ ಹುಡುಗ ತಾನೇ ಮುಖವಾಡಗಳನ್ನು ತಯಾರಿಸುತ್ತ ಕೂರುವ ದೃಶ್ಯಗಳು: ಮುಖವಾಡಕ್ಕೂ ಒಂದು ಕಾರಣ ಬೇಕಾಯಿತು! ಅದರಲ್ಲಿ ಶ್ರಮವಿದೆ, ಕೆಲವೆಡೆ ನಿಜವಾದ ಸಂಕಟವೂ ಇದೆ, ಆದರೆ ಅದು ಮುಗಿಯುವಷ್ಟರಲ್ಲಿ ನಮ್ಮ ಕೈಯಲ್ಲಿ ಉಳಿಯುವುದು ಒಬ್ಬ ರೋಗಿಯ ಕಡತ. ಕನಿಕರ ಹುಟ್ಟಿದ ಮೇಲೆ ಕತ್ತಲೆಗೆ ಕೆಲಸವಿಲ್ಲ. ‘ಬ್ಲ್ಯಾಕ್ ಕ್ರಿಸ್‌ಮಸ್’ಗೂ ಇದೇ ಗತಿಯಾಯಿತು. 1974ರ ಮೂಲದಲ್ಲಿ ಕೊಲೆಗಾರನೆಂದರೆ ದೂರವಾಣಿಯಲ್ಲಿ ಒದರುವ ಧ್ವನಿ ಮತ್ತು ಬಾಗಿಲ ಸಂದಿಯಲ್ಲಿ ಕಾಣುವ ಒಂದು ಕಣ್ಣು. ಅವನು ಯಾರೆಂದು ತಿಳಿಯುವ ಮೊದಲೇ ಚಿತ್ರ ಮುಗಿಯುತ್ತದೆ, ದೂರವಾಣಿಯ ಗಂಟೆ ಬಾರಿಸುತ್ತಲೇ ಇರುತ್ತದೆ. 2006ರ ರೀಮೇಕ್ ಅವನಿಗೆ ಕಾಯಿಲೆ, ಕ್ರೂರ ತಾಯಿ, ಇಡೀ ಬಾಲ್ಯ ಎಲ್ಲವನ್ನೂ ದಯಪಾಲಿಸಿತು.

ಎರಡನೆಯ ತಪ್ಪು ಉಪಕರಣದ್ದು. ವೆಸ್ ಕ್ರೇವನ್ ಅವರ 1984ರ ‘ಎ ನೈಟ್‌ಮೇರ್ ಆನ್ ಎಲ್ಮ್ ಸ್ಟ್ರೀಟ್’ ಚಿತ್ರದಲ್ಲಿ, ಮಲಗಿದ ಹುಡುಗಿಯ ತಲೆಯ ಮೇಲಿನ ಗೋಡೆಯಿಂದ, ಕನಸಿನಲ್ಲಿ ಬಂದು ಕೊಲ್ಲುವ ಫ್ರೆಡ್ಡಿ ಉಬ್ಬಿ ಬರುವ ದೃಶ್ಯ ನಿಮಗೆ ನೆನಪಿರಬಹುದು. ಅಲ್ಲಿ ಗೋಡೆಯ ಬದಲು ಹಿಗ್ಗುವ ಸ್ಪ್ಯಾಂಡೆಕ್ಸ್ ಬಟ್ಟೆಯನ್ನು ಬಿಗಿದು, ಹಿಂದಿನಿಂದ ಒಬ್ಬ ಮನುಷ್ಯ ಒತ್ತಿದ. ಬೆಳಕು ನಿಜವಾದ ಬಟ್ಟೆಯ ಮೇಲೆ ಬಿತ್ತು, ನಿಜವಾದ ಮೈಯ ಭಾರ ಅದನ್ನು ಹಿಗ್ಗಿಸಿತು. 2010ರ ರೀಮೇಕ್ ಅದೇ ದೃಶ್ಯವನ್ನು ಕಂಪ್ಯೂಟರಿನಲ್ಲಿ ಬಿಡಿಸಿತು. ಎರಡನ್ನೂ ತರಗತಿಯಲ್ಲಿ ಒಂದರ ಹಿಂದೊಂದರಂತೆ ತೋರಿಸುತ್ತೇನೆ. ಎರಡನೆಯದಕ್ಕೆ ನಗು ಕೇಳಿಸದ ವರ್ಷವಿಲ್ಲ. ನನಗೆ ಹೆಚ್ಚು ಸಿಟ್ಟು ಬರುವುದು ಬೇರೆಯದಕ್ಕೆ. ಊರಿನ ಮಕ್ಕಳ ತಂದೆತಾಯಿಯರು ಹಿಂದೆ ಸುಟ್ಟು ಕೊಂದ ಫ್ರೆಡ್ಡಿ ನಿರಪರಾಧಿಯಾಗಿದ್ದಿರಬಹುದೇ ಎಂಬ ಸಂಶಯವನ್ನು ಅದೇ ರೀಮೇಕ್ ಬಿತ್ತುತ್ತದೆ. ಮೂಲದಲ್ಲಿಲ್ಲದ, ಮೂಲಕ್ಕಿಂತ ಆಳವಾದ ಭಯ ಅಲ್ಲಿತ್ತು: ತಂದೆತಾಯಿಯ ಮೇಲಿನ ಭಯ. ಆದರೆ ಚಿತ್ರ ಅದಕ್ಕೆ ತಾನೇ ಹೆದರಿ, ಅವನು ಅಪರಾಧಿಯೇ ಹೌದೆಂದು ಸಾರಿ ಹಳೆಯ ದಾರಿಗೆ ಮರಳಿತು.

ಎಲ್ಲವೂ ಸೋತಿವೆ ಎನ್ನಲಾರೆ. 2003ರ ‘ದ ಟೆಕ್ಸಾಸ್ ಚೈನ್‌ಸಾ ಮ್ಯಾಸಕರ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದವರು 1974ರ ಮೂಲಕ್ಕೂ ಹಿಡಿದಿದ್ದ ಡೇನಿಯಲ್ ಪರ್ಲ್. ಮೂಲದ 16 ಮಿಲಿಮೀಟರ್ ಫಿಲ್ಮಿನ ಒರಟು ಬಿಸಿಲನ್ನು ಅವರು ಮತ್ತೊಮ್ಮೆ ಹುಡುಕಲಿಲ್ಲ. ಹೊಗೆಯನ್ನು ಸೀಳುವ ಬೆಳಕಿನಿಂದ ಬೇರೆಯೇ ಒಂದು ನರಕವನ್ನು ಕಟ್ಟಿದರು. ಅದು ಅತಿ ಸುಂದರವಾಯಿತೆಂಬ ಆಕ್ಷೇಪ ನನ್ನದೂ ಹೌದು, ಆದರೆ ನಕಲಲ್ಲ. 2012ರ ‘ಮೇನಿಯಾಕ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಹುಪಾಲು ಕಥೆಯನ್ನು ಕೊಲೆಗಾರನ ಕಣ್ಣಿನಿಂದಲೇ ತೋರಿಸಿತು. ಕೊಲೆಗಾರನ ಪಾತ್ರದ ಎಲೈಜಾ ವುಡ್ ಅವರ ಮುಖ ನಮಗೆ ಹೆಚ್ಚಾಗಿ ದಕ್ಕುವುದು ಕನ್ನಡಿಗಳಲ್ಲಿ. ಅಲ್ಲಿಯೂ ತಾಯಿಯ ಕಥೆಯಿದೆ, ಆದರೆ ನೋಡುವ ಕಣ್ಣು ಅವನದೇ ಆಗಿರುವುದರಿಂದ ದೂರ ನಿಂತು ಕನಿಕರಿಸುವ ಅನುಕೂಲ ನಮಗೆ ಸಿಗುವುದಿಲ್ಲ. ಇದಕ್ಕೆ ತದ್ವಿರುದ್ಧವೆಂದರೆ 2006ರ ‘ವೆನ್ ಎ ಸ್ಟ್ರೇಂಜರ್ ಕಾಲ್ಸ್’: 1979ರ ಮೂಲದ ಹೆಸರುವಾಸಿಯಾದ ಮೊದಲ ಇಪ್ಪತ್ತು ನಿಮಿಷಗಳನ್ನು, ನಾಣ್ಯ ಬಡಿದು ತಗಡು ಮಾಡಿದಂತೆ, ಇಡೀ ಚಿತ್ರದ ಉದ್ದಕ್ಕೆ ಎಳೆದಿದ್ದಾರೆ.

ಪ್ರಶ್ನೆ: ಟೆಕ್ಸಾಸ್‌ನ ಆ ಗರಗಸದ ಕಥೆ ನಿಜವಾಗಿ ನಡೆದದ್ದಂತೆ?

ಉತ್ತರ: ಇಲ್ಲ. ಪ್ರೇರಣೆಯಾದ ಎಡ್ ಗೀನ್ ಇದ್ದದ್ದು ವಿಸ್ಕಾನ್ಸಿನ್‌ನಲ್ಲಿ, ಸೆರೆಸಿಕ್ಕಿದ್ದು 1957ರಲ್ಲಿ. ಆತ ಗೋರಿಗಳನ್ನು ಅಗೆದ, ಇಬ್ಬರು ಮಹಿಳೆಯರನ್ನು ಕೊಂದುದಾಗಿ ಒಪ್ಪಿಕೊಂಡ. ಗರಗಸವೂ ಇರಲಿಲ್ಲ, ಟೆಕ್ಸಾಸ್ ಕೂಡ ಇರಲಿಲ್ಲ. ‘ಮುಚ್ಚಿಟ್ಟ ಸತ್ಯ’ ಎಂದು ವಿಡಿಯೋ ಮಾಡಿ ಇದನ್ನು ಮಾರುವವರಿಗೆ ಇಷ್ಟನ್ನು ಓದಿಕೊಳ್ಳುವ ಪುರಸೊತ್ತೂ ಇಲ್ಲ.

ಪ್ರಶ್ನೆ: 1980ರ ‘ಫ್ರೈಡೇ ದ ಥರ್ಟೀನ್ತ್’ನಲ್ಲಿ ಹಾಕಿ ಮುಖವಾಡದ ಜೇಸನ್ ಇನ್ನಷ್ಟು ಭಯಂಕರನಾಗಿದ್ದನಲ್ಲವೇ?

ಉತ್ತರ: ಆ ಚಿತ್ರದಲ್ಲಿ ಕೊಲೆ ಮಾಡುವವಳು ಅವನ ತಾಯಿ, ಮತ್ತು ಆ ಮುಖವಾಡ ಬಂದದ್ದು 1982ರ ಮೂರನೆಯ ಭಾಗದಲ್ಲಿ. ನೋಡಿ ಬರೆಯಿರಿ.

ಪ್ರಶ್ನೆ: 2018ರ ‘ಹ್ಯಾಲೋವೀನ್’ ರೀಮೇಕ್ ಏಕೆ ಗೆದ್ದಿತು?

ಉತ್ತರ: ಅದು ರೀಮೇಕ್ ಅಲ್ಲ, 1978ರ ಕಥೆಯ ಮುಂದುವರಿಕೆ.

ಪ್ರಶ್ನೆ: ಇಂಥ ಚಿತ್ರಗಳನ್ನು ದಿನಕ್ಕೊಂದರಂತೆ ನೋಡಿದರೆ ಆತಂಕದ ಕಾಯಿಲೆ ವಾಸಿಯಾಗುತ್ತದೆಂದು ಒಬ್ಬ ಸಲಹೆಗಾರರು ಹೇಳಿದ್ದಾರೆ. ರೀಮೇಕ್‌ಗಳಿಂದ ಆರಂಭಿಸಲೇ?

ಉತ್ತರ: ನಾನು ಸಿನಿಮಾ ಕಲಿಸುವವನು, ವೈದ್ಯನಲ್ಲ, ನಿಮ್ಮ ಸಲಹೆಗಾರರೂ ವೈದ್ಯರಲ್ಲವೆಂದು ಅವರ ಮಾತೇ ಹೇಳುತ್ತಿದೆ. ಆತಂಕಕ್ಕೆ ಮನೋವೈದ್ಯರನ್ನು ಕಾಣಿರಿ. ನಿದ್ದೆ ಕೆಡುತ್ತಿರುವವರು ಸ್ಲಾಷರ್ ನೋಡುವುದು ಬೇಡವೆಂಬುದು ನನ್ನ ಅಭಿಪ್ರಾಯ, ಅದನ್ನು ಅಂಜುಬುರುಕತನವೆಂದು ಕರೆಯುವವರು ಕರೆಯಲಿ.

ಪ್ರಶ್ನೆ: ಮೊದಲು ಯಾವುದನ್ನು ನೋಡಬೇಕು, ಮೂಲವನ್ನೋ ರೀಮೇಕನ್ನೋ?

ಉತ್ತರ: ಮೂಲವನ್ನು. ಅದನ್ನು ನೋಡಿದ ಮೇಲೆ ರೀಮೇಕ್ ನೋಡಲು ಅಡ್ಡಿಯಿಲ್ಲ, ಆದರೆ ಝೋಂಬಿ ತೋರಿಸಿದ ಆ ಹುಡುಗನ ಬಾಲ್ಯವನ್ನು ಒಮ್ಮೆ ಕಂಡವರಿಗೆ 1978ರ ಬಿಳಿಯ ಮುಖವಾಡ ಮತ್ತೆ ಖಾಲಿಯಾಗಿ ಕಾಣಿಸುವುದಿಲ್ಲ.