ರಿಮೋಟ್ ಫ್ಯಾನಿಗೆ ಹಳೇ ರೆಗ್ಯುಲೇಟರ್ ಬೇಡ

ಸರ್, ಮುಂಬೈ ಹತ್ತಿರದ ಡೊಂಬಿವಲಿ ಮನೆಗೆ ಹಾಕಿಸಿದ ಹೊಸ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ ಜರ್ಕ್ ಹೊಡೆಯುತ್ತದೆ, ರಿಮೋಟ್ ಒಮ್ಮೆ ಕೇಳಿದರೆ ಇನ್ನೊಮ್ಮೆ ಕೇಳಲ್ಲ ಅಂತ ಬರೆದಿದ್ದೀರಿ. ಗೋಡೆಯ ಹಳೇ ರೆಗ್ಯುಲೇಟರ್ ಹಾಗೇ ಇದೆ ಅಂದಿರಲ್ಲ, ನನ್ನ ಅನುಮಾನ ಅದರ ಮೇಲೇ.

ಈ ಫ್ಯಾನಿನ ಒಳಗೇ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಮನೆಯ ಎಸಿ ಕರೆಂಟನ್ನು ಡಿಸಿ ಮಾಡಿಕೊಂಡು ಸ್ಪೀಡನ್ನು ಅದೇ ನೋಡಿಕೊಳ್ಳುತ್ತದೆ. ರೆಗ್ಯುಲೇಟರ್ ನಡುವೆ ಕೂತು ವೋಲ್ಟೇಜ್ ಕತ್ತರಿಸಿ ಕೊಟ್ಟರೆ ಬೋರ್ಡ್ ತಡವರಿಸುತ್ತದೆ, ಸುಟ್ಟೂ ಹೋಗಬಹುದು. ಫುಲ್‌ನಲ್ಲಿಟ್ಟರೆ ಸಾಕು ಅಂತ ಕೆಲವರು ಹೇಳ್ತಾರೆ. ಆದರೆ ಮನೆಗೆ ಬಂದ ನೆಂಟರಲ್ಲಿ ಯಾರಾದರೂ ಅದನ್ನು ತಿರುಗಿಸಿಯೇ ತಿರುಗಿಸ್ತಾರೆ, ಅಲ್ವಾ? ಎಲೆಕ್ಟ್ರಿಷಿಯನ್ ಕರೆಸಿ, ರೆಗ್ಯುಲೇಟರ್ ತೆಗೆಸಿ, ನೇರವಾಗಿ ಸ್ವಿಚ್ಚಿಗೆ ಕೊಡಿಸಿ. ಜಾಸ್ತಿ ಹೊತ್ತಿನ ಕೆಲಸವಲ್ಲ.

ಆಮೇಲೂ ರಿಮೋಟ್ ಸತಾಯಿಸಿದರೆ, ಅದರ ಮೂತಿಯನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾ ಎದುರು ಹಿಡಿದು ಬಟನ್ ಒತ್ತಿ. ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನಿಂದ ಕೆಲಸ ಮಾಡುವ) ರಿಮೋಟ್ ಆಗಿದ್ದರೆ ಸ್ಕ್ರೀನಿನಲ್ಲಿ ನಸು ನೇರಳೆ ಬೆಳಕು ಮಿನುಗುತ್ತದೆ. ಮಿನುಗದಿದ್ದರೆ ಸೆಲ್ ಹೊರಗೆ ತೆಗೆದು ನೋಡಿ. ಮುಂಬೈ ಮಳೆಗಾಲದ ತೇವಕ್ಕೆ ಸ್ಪ್ರಿಂಗ್ ಮೇಲೆ ಕಿಲುಬು ಕಟ್ಟಿರುತ್ತದೆ. ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಎರಡೂ ಸೆಲ್ ಹೊಸದು ಹಾಕಿ. ಒಂದು ಹಳೇದು ಒಂದು ಹೊಸದು ಬೇಡ.

ಧೂಳು ಒರೆಸುವಾಗ ರಿಮೋಟಿನಲ್ಲಿ ಆಫ್ ಮಾಡಿದರೆ ಸಾಲದು, ಬೋರ್ಡಿಗೆ ಕರೆಂಟ್ ಬರ್ತಾನೇ ಇರುತ್ತದೆ. ಗೋಡೆಯ ಸ್ವಿಚ್ಚೇ ಆಫ್ ಮಾಡಿ. ಒದ್ದೆ ಬಟ್ಟೆ ರೆಕ್ಕೆಗಳಿಗೆ ಮಾತ್ರ, ನಡುವಿನ ಮೋಟಾರಿಗೆ ಒಣ ಬಟ್ಟೆ. ಇಷ್ಟಾದರೂ ಜರ್ಕ್ ನಿಲ್ಲದಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ವಾರಂಟಿಯಲ್ಲಿ ಬೋರ್ಡ್ ಬದಲಿಸಿಕೊಡಲು ಕೇಳಿ.