ಮೊದಲ ಸಲ ನೆಲ ನಡುಗಿದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಲಘು ಭೂಕಂಪವನ್ನು ಬದುಕಿನಲ್ಲಿ ಮೊದಲ ಬಾರಿಗೆ ಅನುಭವಿಸಿದ ಓದುಗರ ಪತ್ರಗಳಿಂದ ಆಯ್ದ ಪ್ರಶ್ನೆಗಳನ್ನು ಈ ಬಾರಿ ಎತ್ತಿಕೊಂಡಿದ್ದೇವೆ. ಹೆಸರು ಪ್ರಕಟಿಸಬಾರದೆಂದು ಹಲವರು ಕೋರಿರುವುದರಿಂದ ಯಾರ ಹೆಸರನ್ನೂ ಕೊಟ್ಟಿಲ್ಲ.

ಪ್ರಶ್ನೆ: ರಾತ್ರಿ ಮಲಗಿದ್ದಾಗ ಭಾರದ ಲಾರಿಯೊಂದು ಹತ್ತಿರ ಬರುತ್ತಿರುವಂಥ ಗುಡುಗುಡು ಸದ್ದು ಕೇಳಿಸಿತು. ಅದರ ಬೆನ್ನಿಗೇ ಮಂಚ ಅಲುಗಾಡಿ, ಕಿಟಕಿಯ ಗಾಜುಗಳು ಗಲಗಲ ಎಂದವು. ನಾಲ್ಕೈದು ಸೆಕೆಂಡುಗಳಲ್ಲಿ ಎಲ್ಲವೂ ನಿಂತಿತು. ಪಕ್ಕದ ಕೋಣೆಯಲ್ಲಿ ಓಡಾಡುತ್ತಿದ್ದ ನಮ್ಮ ಯಜಮಾನರಿಗೆ ಏನೂ ಗೊತ್ತಾಗಲಿಲ್ಲ; ಕನಸು ಕಂಡಿರಬೇಕು ಎಂದರು. ಬೆಳಿಗ್ಗೆ ಸುದ್ದಿಯಲ್ಲಿ 3.2 ಪ್ರಮಾಣದ ಭೂಕಂಪ ಎಂದು ಬಂತು. ಒಂದೇ ಮನೆಯಲ್ಲಿ ಒಬ್ಬರಿಗೆ ತಿಳಿದು ಇನ್ನೊಬ್ಬರಿಗೆ ತಿಳಿಯದೆ ಇರಲು ಸಾಧ್ಯವೇ? ಭೂಕಂಪಕ್ಕೆ ಸದ್ದು ಇರುತ್ತದೆಯೇ?

ಉತ್ತರ: ಎರಡೂ ಸಾಧ್ಯ. ಮೊದಲು ಸದ್ದು, ಅದರ ಹಿಂದೆಯೇ ಅಲುಗಾಟ ಎಂದು ನೀವು ಬರೆದಿರುವ ಕ್ರಮವೇ ನಿಮ್ಮ ಅನುಭವ ನಿಜವೆನ್ನುವುದಕ್ಕೆ ಒಳ್ಳೆಯ ಸಾಕ್ಷಿ. ನೆಲದಾಳದಲ್ಲಿ ಒತ್ತಡ ತಾಳಲಾರದೆ ಬಂಡೆಯು ಸ್ತರಭಂಗದ, ಅಂದರೆ ಬಂಡೆಯೊಳಗಿನ ಬಿರುಕಿನ, ಗುಂಟ ಥಟ್ಟನೆ ಜಾರಿದಾಗ ಎರಡು ಬಗೆಯ ಅಲೆಗಳು ಒಟ್ಟಿಗೇ ಹೊರಡುತ್ತವೆ. ಪಿ ಅಲೆಯು ಬಂಡೆಯನ್ನು ತಾನು ಸಾಗುವ ದಿಕ್ಕಿನಲ್ಲಿಯೇ ಒತ್ತುತ್ತ, ಸಡಿಲಿಸುತ್ತ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್ ವೇಗದಲ್ಲಿ ಮುಂದಾಗಿ ಬರುತ್ತದೆ; ನೆಲವನ್ನು ಅಡ್ಡಡ್ಡ ಅಲುಗಿಸುವ ಎಸ್ ಅಲೆಯು ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್ ವೇಗದಲ್ಲಿ ಅದರ ಹಿಂದೆ ಬರುತ್ತದೆ. ಪಿ ಅಲೆಯು ನೆಲದ ಮೇಲ್ಮೈಯನ್ನು ಮುಟ್ಟಿದಾಗ ಅದರ ಸಣ್ಣ ಪಾಲೊಂದು ಗಾಳಿಗೆ ದಾಟುತ್ತದೆ, ಮತ್ತು ಆ ಕಂಪನವು ಸೆಕೆಂಡಿಗೆ 20ಕ್ಕಿಂತ ಹೆಚ್ಚು ಬಾರಿಯದ್ದಾಗಿದ್ದರೆ ನಮ್ಮ ಕಿವಿಗೆ ಅದು ಸದ್ದಾಗಿ ಕೇಳಿಸುತ್ತದೆ. ಇಂಥ ಚುರುಕಾದ ಕಂಪನಗಳು ಬಂಡೆಯಲ್ಲಿ ದೂರ ಸಾಗುವಷ್ಟರಲ್ಲಿ ಕ್ಷೀಣಿಸಿಬಿಡುವುದರಿಂದ, ಹೆಚ್ಚು ಆಳವಿಲ್ಲದ, ಹತ್ತಿರದ ಭೂಕಂಪಗಳಲ್ಲಿಯೇ ಗುಡುಗಿನಂಥ ಸದ್ದು ಸ್ಪಷ್ಟವಾಗಿ ಕೇಳಿಸುವುದು. ಎರಡು ಅಲೆಗಳ ನಡುವಿನ ಪ್ರತಿಯೊಂದು ಸೆಕೆಂಡಿನ ಅಂತರಕ್ಕೆ ಸುಮಾರು 8 ಕಿಲೋಮೀಟರ್ ಎಂದು ಹಿಡಿದರೆ ಕಂಪನ ಹುಟ್ಟಿದ ಸ್ಥಳ ಎಷ್ಟು ದೂರವಿತ್ತೆಂಬ ಸ್ಥೂಲ ಅಂದಾಜು ಸಿಗುತ್ತದೆ. ಸದ್ದಿನ ಬೆನ್ನಿಗೇ ಮಂಚ ಅಲುಗಾಡಿತೆಂದರೆ, ಅದು ನಿಮಗೆ ಬಹಳ ಸಮೀಪದಲ್ಲಿಯೇ ಹುಟ್ಟಿರಬೇಕು.

ನಿಮ್ಮ ಯಜಮಾನರಿಗೆ ತಿಳಿಯದೆ ಹೋದದ್ದೂ ಸಹಜವೇ. ನಡೆಯುವ ವ್ಯಕ್ತಿಯ ದೇಹ ತಾನೇ ಪ್ರತಿ ಹೆಜ್ಜೆಗೂ ಅಲುಗುತ್ತಿರುವುದರಿಂದ ಸಣ್ಣ ಕಂಪನ ಅದರಲ್ಲಿ ಮುಚ್ಚಿಹೋಗುತ್ತದೆ. ಮಲಗಿದವರಿಗೆ ನೆಲದ ಚಲನೆ ಬೆನ್ನಿನ ಉದ್ದಕ್ಕೂ ತಾಗುತ್ತದೆ. ಕಂಪನದ ತೀವ್ರತೆಯನ್ನು ಅಳೆಯುವ ಮರ್ಕ್ಯಾಲಿ ಮಾಪಕದಲ್ಲಿ ಎರಡನೆಯ ಮಟ್ಟವನ್ನು ವಿವರಿಸುವುದೇ ಹೀಗೆ: ವಿಶ್ರಮಿಸುತ್ತಿರುವ ಕೆಲವರಿಗೆ ಮಾತ್ರ, ಅದರಲ್ಲಿಯೂ ಮೇಲಂತಸ್ತುಗಳಲ್ಲಿರುವವರಿಗೆ, ಅನುಭವಕ್ಕೆ ಬರುವಂಥದ್ದು.

ಪ್ರಶ್ನೆ: ನಮ್ಮಲ್ಲಿ ಆದ ಕಂಪನವನ್ನು ಮೊದಲು 3.6 ಎಂದರು, ಮಧ್ಯಾಹ್ನದ ಹೊತ್ತಿಗೆ 3.3 ಎಂದರು, ಆಳ ಮಾತ್ರ 10 ಕಿಲೋಮೀಟರ್ ಎಂದೇ ಇತ್ತು. ಯಾವುದನ್ನು ನಂಬಬೇಕು? ಏನಾದರೂ ಮುಚ್ಚಿಡುತ್ತಿದ್ದಾರೆಯೇ?

ಉತ್ತರ: ಮುಚ್ಚಿಡುವಂಥದ್ದು ಏನೂ ಇಲ್ಲ. ಮೊದಲ ಅಂಕಿಯು ಕೆಲವೇ ಕೇಂದ್ರಗಳ ದಾಖಲೆಯಿಂದ ಯಂತ್ರ ತಾನಾಗಿಯೇ ಲೆಕ್ಕ ಹಾಕಿದ್ದು. ದೂರದ ಕೇಂದ್ರಗಳ ಮಾಹಿತಿ ಸೇರಿ ತಜ್ಞರು ಪರಿಶೀಲಿಸಿದ ಮೇಲೆ ಅಂಕಿ ಸ್ವಲ್ಪ ಬದಲಾಗುತ್ತದೆ. ಹತ್ತಿರದಲ್ಲಿ ಸಾಕಷ್ಟು ಕಂಪನಮಾಪಕಗಳಿಲ್ಲದಿದ್ದರೆ ಆಳವನ್ನು ನಿಖರವಾಗಿ ಗುರುತಿಸುವುದು ಕಷ್ಟವಾದ್ದರಿಂದ, ಅಂಥ ಸಂದರ್ಭಗಳಲ್ಲಿ 10 ಕಿಲೋಮೀಟರ್ ಎಂದು ತಾತ್ಕಾಲಿಕವಾಗಿ ಹಿಡಿದು ಉಳಿದ ಲೆಕ್ಕ ಮಾಡುವ ರೂಢಿಯಿದೆ. ಪ್ರಪಂಚದ ಎಷ್ಟೋ ಭೂಕಂಪಗಳ ವರದಿಯಲ್ಲಿ ಅದೇ ಸಂಖ್ಯೆ ಕಾಣಿಸುವುದು ಇದರಿಂದಲೇ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ರೂಪಿಸಿದ ಮಾಪಕವಾಗಲಿ, ಈಗ ದೊಡ್ಡ ಭೂಕಂಪಗಳಿಗೆ ಬಳಸುವ ಮೊಮೆಂಟ್ ಮಾಪಕವಾಗಲಿ ಅಳೆಯುವುದು ಭೂಕಂಪದ ಮೂಲದ ಗಾತ್ರವನ್ನು. ನಿಮ್ಮ ಕಾಲಡಿಯಲ್ಲಿ ಎಷ್ಟು ಅಲುಗಿತು ಎಂಬುದು ದೂರ, ಆಳ, ಮಣ್ಣಿನ ಗುಣ, ಕಟ್ಟಡದ ಎತ್ತರ ಇವುಗಳಿಗೆ ತಕ್ಕಂತೆ ಬೀದಿಯಿಂದ ಬೀದಿಗೆ ಬದಲಾಗುತ್ತದೆ. ಮೆತ್ತನೆಯ ಮೆಕ್ಕಲು ಮಣ್ಣಿನ ಮೇಲಿನ ಮನೆಯಲ್ಲಿ ಸಾಮಾನ್ಯವಾಗಿ ಗಟ್ಟಿ ಬಂಡೆಯ ಮೇಲಿನ ಮನೆಗಿಂತ ಹೆಚ್ಚು ಅಲುಗುತ್ತದೆ. ಆದ್ದರಿಂದ ಭೂಕಂಪ ಕೇಂದ್ರಗಳು ಸಾರ್ವಜನಿಕರ ಅನುಭವದ ವರದಿಗಳನ್ನು ಕೇಳಿದಾಗ ದಯವಿಟ್ಟು ಬರೆದು ಕಳಿಸಿ. ಎಷ್ಟು ಹೊತ್ತಿಗೆ, ಎಷ್ಟನೆಯ ಅಂತಸ್ತಿನಲ್ಲಿ, ಕೂತಿದ್ದಿರೋ ನಿಂತಿದ್ದಿರೋ, ಏನೇನು ಅಲುಗಿತು, ಏನು ಬಿತ್ತು ಎಂಬಷ್ಟು ಸಾಕು. ಏನೂ ತಿಳಿಯಲಿಲ್ಲ ಎಂಬ ವರದಿಯೂ ಅಷ್ಟೇ ಬೆಲೆಯುಳ್ಳದ್ದು.

ಪ್ರಶ್ನೆ: ಇದು ದೊಡ್ಡ ಭೂಕಂಪದ ಮುನ್ಸೂಚನೆಯೇ? ಸಣ್ಣ ಸಣ್ಣ ಕಂಪನಗಳಾದರೆ ಒಳಗಿನ ಒತ್ತಡ ಹೊರಹೋಗಿ ದೊಡ್ಡದು ತಪ್ಪುತ್ತದೆ ಎಂದು ಪಕ್ಕದ ಮನೆಯವರು ಧೈರ್ಯ ಹೇಳುತ್ತಾರೆ. ಇನ್ನೊಂದೆಡೆ, ಇಂದು ರಾತ್ರಿ ಇಂಥ ಹೊತ್ತಿಗೆ ದೊಡ್ಡದೊಂದು ಬರಲಿದೆ ಎಂಬ ಸಂದೇಶ ಎಲ್ಲರ ಮೊಬೈಲಿನಲ್ಲಿ ಹರಿದಾಡುತ್ತಿದೆ.

ಉತ್ತರ: ಈ ಎರಡು ಮಾತುಗಳಲ್ಲಿ ಒಂದು ಹೆದರಿಸುತ್ತದೆ, ಇನ್ನೊಂದು ಸಂತೈಸುತ್ತದೆ, ಎರಡಕ್ಕೂ ಆಧಾರವಿಲ್ಲ. ದಿನ, ಗಂಟೆ, ಸ್ಥಳ, ಪ್ರಮಾಣ ಹೇಳಿ ಭೂಕಂಪವನ್ನು ಮುನ್ನುಡಿಯುವ ವಿಧಾನ ಇಂದಿಗೂ ಯಾವ ದೇಶದ ವಿಜ್ಞಾನಿಗಳ ಬಳಿಯೂ ಇಲ್ಲ. ಗಂಟೆ ನಿಗದಿ ಮಾಡಿ ಬರುವ ಸಂದೇಶವನ್ನು ಮುಂದಕ್ಕೆ ಕಳಿಸದೆ ಅಲ್ಲಿಯೇ ಅಳಿಸಿಬಿಡಿ.

ಪಕ್ಕದ ಮನೆಯವರ ಮಾತನ್ನು ಲೆಕ್ಕ ಹಾಕಿ ನೋಡೋಣ. ಪ್ರಮಾಣ ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ. ಹಾಗಾಗಿ 6 ಪ್ರಮಾಣದ ಒಂದು ಭೂಕಂಪದ ಶಕ್ತಿಯನ್ನು 3 ಪ್ರಮಾಣದ ಕಂಪನಗಳ ಮೂಲಕ ಹೊರಹಾಕಬೇಕೆಂದರೆ ಅಂಥ ಮೂವತ್ತು ಸಾವಿರಕ್ಕೂ ಹೆಚ್ಚು ಕಂಪನಗಳು ಬೇಕು. ನಾಲ್ಕೈದು ನಡುಕಗಳಿಂದ ನೆಲದೊಳಗಿನ ಒತ್ತಡ ಇಳಿದುಹೋಗುವುದಿಲ್ಲ. ಈ ನಂಬಿಕೆ ಎಷ್ಟು ಅಪಾಯಕಾರಿ ಎಂಬುದನ್ನು ಇಟಲಿಯ ಲಾಕ್ವಿಲಾ ನಗರದಲ್ಲಿ ನಡೆದದ್ದು ತೋರಿಸುತ್ತದೆ. ಅಲ್ಲಿ ತಿಂಗಳುಗಟ್ಟಲೆ ಸಣ್ಣ ಕಂಪನಗಳಾಗುತ್ತಿದ್ದಾಗ, ಶಕ್ತಿ ಹೀಗೆ ಹೊರಹೋಗುತ್ತಿರುವುದು ಒಳ್ಳೆಯದೇ ಎಂಬರ್ಥದ ಭರವಸೆಯನ್ನು ಅಧಿಕಾರಿಯೊಬ್ಬರು 2009ರ ಮಾರ್ಚ್ ಕೊನೆಯಲ್ಲಿ ಕೊಟ್ಟರು. ಏಪ್ರಿಲ್ 6ರ ನಸುಕಿನಲ್ಲಿ 6.3 ಪ್ರಮಾಣದ ಭೂಕಂಪವಾಗಿ ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ಊರಿನಲ್ಲಿ ರಾತ್ರಿ ನೆಲ ನಡುಗಿದರೆ ಮನೆ ಬಿಟ್ಟು ಬಯಲಿಗೆ ಹೋಗುವುದು ಹಿಂದಿನಿಂದ ಬಂದ ಪದ್ಧತಿಯಾಗಿತ್ತು. ಭರವಸೆಯ ಮಾತು ನಂಬಿ ಮನೆಯಲ್ಲಿಯೇ ಉಳಿದೆವು ಎಂದು ಬದುಕುಳಿದ ಕೆಲವರು ಆಮೇಲೆ ನ್ಯಾಯಾಲಯದಲ್ಲಿ ನುಡಿದರು.

ಹಾಗೆಂದು ಪ್ರತಿ ನಡುಕವೂ ಮುನ್ಸೂಚನೆಯೆಂದು ತಿಳಿಯಬೇಕಾಗಿಲ್ಲ. ಒಂದು ಭೂಕಂಪವಾದ ಕೆಲವು ದಿನಗಳೊಳಗೆ ಅದೇ ಸ್ಥಳದಲ್ಲಿ ಅದಕ್ಕಿಂತ ದೊಡ್ಡದು ಆಗುವ ಸಾಧ್ಯತೆ ಸ್ಥೂಲವಾಗಿ ನೂರಕ್ಕೆ ಐದಾರು. ಅದರಲ್ಲಿಯೂ ಬಹುಪಾಲು ಸಲ ಎರಡನೆಯದು ಅಲ್ಪಸ್ವಲ್ಪ ಮಾತ್ರ ದೊಡ್ಡದಾಗಿರುತ್ತದೆ. 2011ರ ಮಾರ್ಚ್ 11ರಂದು ಜಪಾನಿನಲ್ಲಿ 9 ಪ್ರಮಾಣದ ಭೂಕಂಪ ಆಗುವ ಎರಡು ದಿನ ಮುಂಚೆ ಅದೇ ಕಡಲಡಿಯಲ್ಲಿ 7ಕ್ಕೂ ಹೆಚ್ಚಿನ ಪ್ರಮಾಣದ ಭೂಕಂಪವಾಗಿತ್ತು. ಅದು ಮುನ್ಕಂಪನವಾಗಿತ್ತೆಂದು ತಿಳಿದದ್ದು ದೊಡ್ಡದು ಬಂದ ಮೇಲೆಯೇ. 1975ರಲ್ಲಿ ಚೀನಾದ ಹೈಚೆಂಗ್‌ನಲ್ಲಿ ಮುನ್ಕಂಪನಗಳ ಸರಣಿಯನ್ನು ಕಂಡು ಜನರನ್ನು ಮನೆಯಿಂದ ಹೊರಗೆ ಕಳಿಸಿದ್ದರಿಂದ ಬಹಳ ಜೀವಗಳು ಉಳಿದವು. ಮರುವರ್ಷವೇ ಅದೇ ದೇಶದ ತಾಂಗ್‌ಶಾನ್‌ನಲ್ಲಿ ಅಂಥ ಯಾವ ಸರಣಿಯೂ ಕಾಣಿಸದೆ ಬಂದ ಭೂಕಂಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಆದುದರಿಂದ ನಿಮಗೆ ನಾನು ಹೇಳಬಹುದಾದದ್ದು ಇಷ್ಟು: ಬಹುಮಟ್ಟಿಗೆ ಇದು ಇಲ್ಲಿಗೇ ಮುಗಿಯುತ್ತದೆ, ಆದರೆ ಮುಗಿದೇಹೋಯಿತು ಎಂದು ಮಾತು ಕೊಡುವ ಅಧಿಕಾರ ಯಾರಿಗೂ ಇಲ್ಲ. ಮುಂದಿನ ಕೆಲವು ದಿನ ಸ್ವಲ್ಪ ಎಚ್ಚರದಿಂದಿರುವುದು ವಿವೇಕ.

ಪ್ರಶ್ನೆ: ಅಲುಗಾಟ ಶುರುವಾದ ಕೂಡಲೇ ಮಗುವನ್ನು ಎತ್ತಿಕೊಂಡು ಮೂರು ಅಂತಸ್ತಿನ ಮೆಟ್ಟಿಲು ಇಳಿದು ಓಡಿದೆ. ಕೆಳಗೆ ಮುಟ್ಟುವಷ್ಟರಲ್ಲಿ ಎಲ್ಲ ನಿಂತಿತ್ತು. ನಾನು ಮಾಡಿದ್ದು ಸರಿಯೇ?

ಉತ್ತರ: ಮಗುವನ್ನು ಎತ್ತಿಕೊಂಡು ಓಡಬೇಕೆನ್ನಿಸಿದ್ದು ಯಾವ ತಾಯಿಗಾದರೂ ಸಹಜ. ಆದರೆ ನಿಮ್ಮ ಪತ್ರದಲ್ಲಿಯೇ ಉತ್ತರವಿದೆ: ಸಣ್ಣ ಕಂಪನ ಕೆಳಗೆ ಮುಟ್ಟುವ ಮೊದಲೇ ನಿಲ್ಲುತ್ತದೆ, ದೊಡ್ಡ ಕಂಪನದಲ್ಲಿ ಮೆಟ್ಟಿಲ ಮೇಲೆ ಕಾಲೂರಿ ನಿಲ್ಲುವುದೇ ಆಗುವುದಿಲ್ಲ. ಗಟ್ಟಿಯಾದ ಕಾಂಕ್ರೀಟು ಕಟ್ಟಡದಲ್ಲಿದ್ದರೆ ಇದ್ದಲ್ಲಿಯೇ ಮಂಡಿಯೂರಿ ಕುಳಿತು, ಬಲವಾದ ಮೇಜಿನ ಕೆಳಗೆ ತಲೆ ಕತ್ತು ಮರೆಮಾಡಿಕೊಂಡು, ಅದರ ಕಾಲನ್ನು ಭದ್ರವಾಗಿ ಹಿಡಿದುಕೊಳ್ಳಬೇಕು. ಮಗು ಜೊತೆಗಿದ್ದರೆ ಅದನ್ನು ನಿಮ್ಮ ಎದೆಯ ಕೆಳಗೆ ಇರಿಸಿಕೊಳ್ಳಿ. ಅಲುಗಾಟ ಪೂರ್ತಿ ನಿಂತ ಮೇಲೆ ಮೆಟ್ಟಿಲಿಳಿದು ಹೊರಗೆ ಬನ್ನಿ, ಲಿಫ್ಟ್ ಬೇಡ. ಹೊರಗೆ ಬಂದ ಮೇಲೆ ಗೋಡೆಗೆ ಒರಗಿ ನಿಲ್ಲಬಾರದು. ಗಾಜು, ಹೆಂಚು, ಪ್ಯಾರಪೆಟ್ಟಿನ ಇಟ್ಟಿಗೆಗಳು ಕಳಚಿ ಬೀಳುವುದು ಕಟ್ಟಡದ ಅಂಚಿಗೇ.

ಕಲ್ಲುಮಣ್ಣಿನ ದಪ್ಪ ಗೋಡೆ, ಅದರ ಮೇಲೆ ಭಾರದ ಮಾಳಿಗೆ ಇರುವ ಒಂದಂತಸ್ತಿನ ಮನೆಯ ಮಾತು ಬೇರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಸುತ್ತ ಸಾವಿರಾರು ಜನ ಸತ್ತದ್ದು ಮಲಗಿದ್ದವರ ಮೇಲೆ ಅಂಥ ಮನೆಗಳು ಕುಸಿದದ್ದರಿಂದ. ಅದರ ಪ್ರಮಾಣ 6.2 ಮಾತ್ರ. ಇಂಥ ಮನೆಯಲ್ಲಿದ್ದು, ಬಾಗಿಲು ಕೆಲವೇ ಹೆಜ್ಜೆ ದೂರದಲ್ಲಿದ್ದು, ಹೊರಗೆ ಬಯಲಿದ್ದರೆ ತಕ್ಷಣ ಹೊರಬರುವುದೇ ಲೇಸು. ನಿಮ್ಮ ಮನೆ ಯಾವ ಬಗೆಯದು ಎಂಬುದನ್ನು ಈಗಲೇ ನೋಡಿ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಕಾಣಿಸಿವೆ. ಮೊದಲೇ ಇದ್ದವೋ ಈಗ ಬಂದವೋ ತಿಳಿಯುತ್ತಿಲ್ಲ.

ಉತ್ತರ: ಗಾರೆಯ ಮೇಲ್ಪದರದಲ್ಲಿ ಮಾತ್ರ ಇರುವ ಇಂಥ ಗೆರೆಗಳು ಗಾರೆ ಒಣಗುವಾಗಲೂ ಮೂಡುತ್ತವೆ. ಪ್ರತಿ ಬಿರುಕಿನ ಎರಡು ತುದಿಗೂ ಪೆನ್ಸಿಲಿನಿಂದ ಗುರುತು ಹಾಕಿ, ಪಕ್ಕದಲ್ಲಿ ತಾರೀಖು ಬರೆದು ಫೋಟೋ ತೆಗೆದಿಟ್ಟುಕೊಳ್ಳಿ. ಕಿಟಕಿ, ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು, ಗೋಡೆಯ ಎರಡೂ ಬದಿಗೆ ಕಾಣುವ ಬಿರುಕು, ಕಂಬ ಅಥವಾ ತೊಲೆಯ ಮೇಲಿನ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು ಇವುಗಳಲ್ಲಿ ಯಾವುದು ಕಂಡರೂ ಸಿವಿಲ್ ಎಂಜಿನಿಯರೊಬ್ಬರಿಗೆ ತೋರಿಸುವವರೆಗೆ ಆ ಕೋಣೆಯಲ್ಲಿ ಮಲಗಬೇಡಿ.

ಪ್ರಶ್ನೆ: ಅಂದಿನಿಂದ ಸುಮ್ಮನೆ ಕುಳಿತಾಗಲೂ ಕುರ್ಚಿ ಅಲುಗಿದಂತಾಗುತ್ತದೆ. ಸಣ್ಣ ಮಗಳು ತನ್ನ ಕೋಣೆಯಲ್ಲಿ ಮಲಗಲು ಒಪ್ಪುತ್ತಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟೊಂದು ಹೆದರುವುದೇ ಎಂದು ಮನೆಯವರು ನಗುತ್ತಾರೆ.

ಉತ್ತರ: ನಗುವವರಿಗೆ ಈ ಉತ್ತರವನ್ನು ಓದಿ ಹೇಳಿ. ನಮ್ಮ ದೇಹ ಹುಟ್ಟಿದಂದಿನಿಂದ ನೆಲ ಅಚಲ ಎಂದು ನಂಬಿ, ಅದರ ಆಧಾರದಲ್ಲಿಯೇ ಸಮತೋಲನ ಕಾಪಾಡಿಕೊಂಡಿರುತ್ತದೆ. ಒಳಕಿವಿ, ಕಣ್ಣು, ಪಾದಗಳಿಂದ ಬರುವ ಸಂಜ್ಞೆಗಳನ್ನು ಮಿದುಳು ಸದಾ ತಾಳೆ ನೋಡುತ್ತಿರುತ್ತದೆ. ಆ ನಂಬಿಕೆ ಒಮ್ಮೆ ಕದಲಿದ ಮೇಲೆ, ಮುಂಚೆ ಕಡೆಗಣಿಸುತ್ತಿದ್ದ ಚಿಕ್ಕ ತೂಗಾಟವನ್ನೂ, ತನ್ನದೇ ಎದೆಬಡಿತವನ್ನೂ ಅದು ಅಪಾಯವೆಂದು ಎಣಿಸತೊಡಗುತ್ತದೆ. ಭೂಕಂಪದ ನಂತರದ ಇಂಥ ತಲೆಸುತ್ತನ್ನು ಜಪಾನಿನ ವೈದ್ಯರು 2011ರ ನಂತರ ಬಹಳ ಜನರಲ್ಲಿ ಗಮನಿಸಿದ್ದಾರೆ. ಲೋಟದಲ್ಲಿ ನೀರು ತುಂಬಿ ಎದುರಿಗಿಟ್ಟುಕೊಳ್ಳಿ. ಅನುಮಾನ ಬಂದಾಗ ಅದನ್ನು ನೋಡಿ. ನೀರು ನಿಶ್ಚಲವಾಗಿದ್ದರೆ ಅಲುಗಿದ್ದು ನೆಲವಲ್ಲ ಎಂದು ಕಣ್ಣೇ ದೇಹಕ್ಕೆ ತಿಳಿಸುತ್ತದೆ. ಎರಡು ಮೂರು ವಾರ ಕಳೆದರೂ ನಿದ್ದೆ ಬಾರದಿದ್ದರೆ ಅಥವಾ ತಲೆಸುತ್ತು ಹೆಚ್ಚಿದರೆ ವೈದ್ಯರನ್ನು ಕಾಣಿ.

ಮಗಳಿಗೆ ಇನ್ನೆಂದೂ ಹಾಗಾಗುವುದಿಲ್ಲ ಎಂದು ದಯವಿಟ್ಟು ಹೇಳಬೇಡಿ. ಮತ್ತೊಂದು ಸಣ್ಣ ನಡುಕ ಬಂದರೆ ನಿಮ್ಮ ಎಲ್ಲ ಮಾತಿನ ಮೇಲೂ ಅವಳು ಭರವಸೆ ಕಳೆದುಕೊಳ್ಳುತ್ತಾಳೆ. ಕೆಲವು ರಾತ್ರಿ ನಿಮ್ಮ ಪಕ್ಕದಲ್ಲಿಯೇ ಮಲಗಿಸಿಕೊಳ್ಳಿ. ಹಗಲು ಹೊತ್ತಿನಲ್ಲಿ ಅವಳ ಕೋಣೆಗೆ ಅವಳೊಡನೆಯೇ ಹೋಗಿ, ಮಂಚದ ಮೇಲುಗಡೆ ತೂಗುಹಾಕಿರುವ ಭಾರದ ಚಿತ್ರಪಟವನ್ನು ತೆಗೆದು ಬೇರೆಡೆ ಇಡಿ, ಪುಸ್ತಕದ ಕಪಾಟನ್ನು ಗೋಡೆಗೆ ಮೊಳೆಪಟ್ಟಿಯಿಂದ ಬಿಗಿಸಿ, ದಿಂಬಿನ ಪಕ್ಕ ಟಾರ್ಚು, ಮಂಚದ ಕೆಳಗೆ ಚಪ್ಪಲಿ ಇರಿಸಲು ಅವಳಿಗೇ ಹೇಳಿ. ಮೇಜಿನ ಕೆಳಗೆ ಹೇಗೆ ಕೂರಬೇಕೆಂದು ಇಬ್ಬರೂ ಕೂತು ಅಭ್ಯಾಸ ಮಾಡಿ, ಮನೆಯವರನ್ನೂ ಅದಕ್ಕೆ ಕರೆಯಿರಿ.